ಹೊಕ್ಕುಳ ಕೆಳಗಿನ ಎರಡು ಬೆರಳು

ನಡುವಿಗೆ ಕಟ್ಟಿಕೊಳ್ಳುವ ಮಿತಪಟ್ಟಿಯನ್ನು ರೂಪಿಸಿದವರು ಅದನ್ನು ಸ್ಥೂಲಕಾಯದವರಿಗಾಗಿ ರೂಪಿಸಿರಲಿಲ್ಲ. ತೂಕವೂ ಎತ್ತರವೂ ಒಂದಕ್ಕೊಂದು ಒಪ್ಪುವಂತಿದ್ದು, ರಕ್ತದ ವರದಿಯಲ್ಲಿ ಒಂದೂ ದೋಷವಿಲ್ಲದೆ, ಆದರೂ ದೇಹದ ಯಾವುದೋ ಮೂಲೆಯಲ್ಲಿ ಕರಗದೆ ಉಳಿದ ಮಡಿಕೆಯೊಂದನ್ನು ದಿನವೂ ಕನ್ನಡಿಯಲ್ಲಿ ನೋಡಿಕೊಳ್ಳುವವರಿಗಾಗಿ ರೂಪಿಸಿದ್ದರು. ಅಂಥವರ ಸಂಖ್ಯೆ ಎಷ್ಟು ದೊಡ್ಡದೆಂಬುದು ಧಾರವಾಡದ ಹೊರವಲಯದಲ್ಲಿದ್ದ ಆ ಸಂಸ್ಥೆಗೆ ಚೆನ್ನಾಗಿ ತಿಳಿದಿತ್ತು.

ಪಟ್ಟಿಯ ತತ್ತ್ವ ಸರಳ. ಕೊಬ್ಬಿನ ಪ್ರತಿಯೊಂದು ಜೀವಕೋಶದ ಮೇಲೂ ಎರಡು ಬಗೆಯ ಗ್ರಾಹಕಗಳಿರುತ್ತವೆ. ಹಸಿವು, ಓಟ, ಚಳಿ ಇವುಗಳ ಸಂದೇಶ ರಕ್ತದಲ್ಲಿ ಬಂದಾಗ ಒಂದು ಬಗೆಯದು ಬಾಗಿಲು ತೆರೆಯುತ್ತದೆ, ಇನ್ನೊಂದು ಬಗೆಯದು ಅಗಳಿ ಹಾಕುತ್ತದೆ. ಕೆನ್ನೆಯ ಕೊಬ್ಬಿನಲ್ಲಿ ಬಾಗಿಲುಗಳು ಹೆಚ್ಚು. ಹೆಂಗಸರ ಕಿಬ್ಬೊಟ್ಟೆ ಮತ್ತು ತೊಡೆಗಳಲ್ಲಿ ಅಗಳಿಗಳು ಹೆಚ್ಚು. ಉಪವಾಸ ಮಾಡಿದವಳ ಕೆನ್ನೆ ಒಳಸೇರಿದರೂ ಹೊಟ್ಟೆಯ ಮಡಿಕೆ ಅಲುಗದಿರುವುದು ಇದರಿಂದಲೇ. ಮಿತಪಟ್ಟಿ ಚರ್ಮದ ಮೂಲಕ ಔಷಧವನ್ನಿಳಿಸಿ ಅಗಳಿಗಳನ್ನು ನಾಶಮಾಡುತ್ತಿತ್ತು. ಆಮೇಲೆ ನಡುವಿನ ಸುತ್ತ ತಣ್ಣನೆಯ ಮಿಡಿತವೊಂದನ್ನು ಕಳಿಸಿ, ಹೊರಬಿದ್ದ ಕೊಬ್ಬನ್ನು ದೇಹವೇ ಉರಿಸಿಕೊಳ್ಳುವಂತೆ ಮಾಡುತ್ತಿತ್ತು. ಕೊಬ್ಬು ಮಣಿಯದಿದ್ದರೆ ಮಟ್ಟವನ್ನು ಏರಿಸುತ್ತಿದ್ದರು. ಮಟ್ಟಗಳು ಐದು. ನಾಲ್ಕರವರೆಗೆ ಔಷಧ ಚರ್ಮದಡಿಯಲ್ಲಿಯೇ ಮುಗಿಯುತ್ತಿತ್ತು. ಐದರಲ್ಲಿ ಅದರ ಒಂದಂಶ ರಕ್ತಕ್ಕಿಳಿದು, ರಕ್ತ ಹೋದಲ್ಲೆಲ್ಲ ಹೋಗುತ್ತಿತ್ತು.

ಬಳಕೆಯಲ್ಲಿ ಗೊತ್ತಾದ ಸಂಗತಿ ಇನ್ನೊಂದಿತ್ತು. ಹೀಗೆ ಬರಿದಾದ ಜೀವಕೋಶಗಳು ಮತ್ತೆ ಸುಲಭವಾಗಿ ತುಂಬಿಕೊಳ್ಳುತ್ತಿರಲಿಲ್ಲ. ಪಟ್ಟಿಯನ್ನು ಒಮ್ಮೆಲೇ ತೆಗೆದರೆ ಉಂಡ ಅನ್ನದ ಕೊಬ್ಬು ಇರಲು ತಾವಿಲ್ಲದೆ ಯಕೃತ್ತಿಗೆ ನುಗ್ಗುತ್ತಿತ್ತು. ಕತ್ತರಿಯಿಂದ ಪಟ್ಟಿ ಕತ್ತರಿಸಿಕೊಂಡ ಒಬ್ಬಾಕೆ ಆಸ್ಪತ್ರೆ ಸೇರಿದ ಮೇಲೆ ಅದಕ್ಕೆ ಕತ್ತರಿಗೆ ಜಗ್ಗದ ಹೆಣಿಗೆಯನ್ನೂ ನಿಯಂತ್ರಣ ಕೊಠಡಿಯಿಂದ ಮಾತ್ರ ತೆರೆಯುವ ಕೊಂಡಿಯನ್ನೂ ಹಾಕಿದರು. ಒಂದೊಂದೇ ಮಟ್ಟ ಇಳಿಸುತ್ತ, ತಿಂಗಳುಗಟ್ಟಲೆ ಕಾದು, ಆಮೇಲೆ ಬಿಚ್ಚಬೇಕಿತ್ತು.

ಇದೆಲ್ಲ ಶಾಲ್ಮಲೆಗೆ ಕರತಲಾಮಲಕ. ಜೀವರಸಾಯನದ ಪದವೀಧರೆಯಾದ ಅವಳು ಆ ನಿಯಂತ್ರಣ ಕೊಠಡಿಯಲ್ಲಿಯೇ ಕೆಲಸಕ್ಕಿದ್ದಳು. ಆದರೆ ಪಟ್ಟಿ ಕಟ್ಟಿಕೊಂಡದ್ದು ಕೆಲಸಕ್ಕಾಗಿ ಅಲ್ಲ. ಎರಡು ವರ್ಷದ ಹಿಂದೆ ಅವಳ ಮೊದಲ ಬಸಿರು ಎರಡನೆಯ ತಿಂಗಳಿನಲ್ಲಿಯೇ ಇಳಿದುಹೋಗಿತ್ತು. ಹೊಕ್ಕುಳ ಕೆಳಗೆ ಎರಡು ಬೆರಳು ದಪ್ಪದ ಮಡಿಕೆಯೊಂದು ಮಾತ್ರ, ಮೊದಲಿನಿಂದಲೂ ಇದ್ದದ್ದು, ಹಾಗೆಯೇ ಉಳಿದಿತ್ತು. ಅದಾದ ಕೆಲವು ದಿನಗಳಿಗೆ ಸಿಟಿ ಬಸ್ಸಿನಲ್ಲಿ ಒಬ್ಬ ಹೆಂಗಸು ಎದ್ದು ಜಾಗ ಬಿಟ್ಟುಕೊಟ್ಟು, "ಕುಂದರ ತಂಗಿ, ಎಷ್ಟು ತಿಂಗಳಾತು?" ಎಂದು ಕೇಳಿದ್ದಳು. ಶಾಲ್ಮಲೆ ಮುಂದಿನ ನಿಲ್ದಾಣದಲ್ಲಿ ಇಳಿದು ಮನೆಯವರೆಗೆ ನಡೆದೇ ಹೋದಳು. ಅದೇ ವಾರ ಪಟ್ಟಿಯ ಪ್ರಯೋಗಕ್ಕೆ ಹೆಸರು ಕೊಟ್ಟಳು; ಸರದಿ ಬಂದದ್ದು ವರ್ಷ ದಾಟಿದ ಮೇಲೆ. ಅತ್ತೆಗೆ ಇದು ಸೊಂಟನೋವಿನ ಪಟ್ಟಿ ಎಂದಳು.

ಪಟ್ಟಿ ಕಟ್ಟಿಕೊಂಡು ಎಂಟು ತಿಂಗಳಾಗಿ, ಮಡಿಕೆ ಒಂದು ಬೆರಳಿಗೆ ಇಳಿದಿದ್ದಾಗ, ಯಾರೂ ನಿರೀಕ್ಷಿಸದಿದ್ದಾಗ, ಅವಳು ಮತ್ತೆ ಬಸುರಿಯಾದಳು.

*

ಅತ್ತೆ ಗುರುಸಿದ್ದವ್ವ ವಿಷಯ ಕೇಳಿದ ಕೂಡಲೇ ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲಿಯೇ ಸೊಸೆಯನ್ನು ದೇವರ ಜಗಲಿಯ ಮುಂದೆ ನಿಲ್ಲಿಸಿದರು.

"ಇಲ್ಲಿ ಕೈ ಇಡು. ಮೂರು ತಿಂಗಳು ತುಂಬೋತನಕ ಈ ಮಾತು ನಿನ್ನ ಬಾಯಿಂದ ಹೊರಗ ಬೀಳಬಾರದು. ನನ್ನ ಬಾಯಿಂದಾನೂ ಬೀಳೂದಿಲ್ಲ. ನಿನ್ನ ಗಂಡ ಸಂಗ್ಯಾನ ಬಾಯಿಗೆ ನಾ ಬೀಗ ಹಾಕತೀನಿ."

"ಅತ್ತಿ, ಆಫೀಸಿನ್ಯಾಗ ಹೇಳಬೇಕಾಗತೈತಿ."

"ಹೋದ ಸಲ ಹೇಳಿದ್ದಿಯಲ್ಲ! ಪೇಢೆ ಡಬ್ಬಿ ಒಯ್ದು ಹಂಚಿ ಬಂದಿ. ಏನಾತು?"

ಹೋದ ಸಲ ಆದದ್ದಕ್ಕೂ ಪೇಢೆಗೂ ಸಂಬಂಧವಿಲ್ಲವೆಂದು ಶಾಲ್ಮಲೆಗೆ ಗೊತ್ತಿತ್ತು. ಆದರೆ ಪೇಢೆ ಹಂಚಿದ ವಾರದಲ್ಲಿಯೇ ಅದು ಆಗಿತ್ತು. ಅಂದು ಆಸ್ಪತ್ರೆಯ ಬೆಂಚಿನ ಮೇಲೆ ಇಡೀ ದಿನ ನೀರನ್ನೂ ಮುಟ್ಟದೆ ಕುಳಿತಿದ್ದವರು ಈ ಗುರುಸಿದ್ದವ್ವನೇ. ಅವಳು ಜಗಲಿಯ ಮೇಲೆ ಕೈಯಿಟ್ಟಳು.

ಇಟ್ಟದ್ದು ಕುರುಡಾಗಿ ಅಲ್ಲ. ಮನಸ್ಸಿನಲ್ಲಿ ಲೆಕ್ಕ ಹಾಕಿಯೇ. ಪಟ್ಟಿ ಆಗ ಎರಡನೆಯ ಮಟ್ಟದಲ್ಲಿತ್ತು. ಪರಾಮರ್ಶೆ ವಾರಕ್ಕೊಮ್ಮೆ, ಒಂದು ಮಟ್ಟ ಏರಬೇಕಾದರೆ ಎರಡು ಪರಾಮರ್ಶೆಗಳಲ್ಲಿ ಸತತವಾಗಿ ಮಡಿಕೆ ಬೆಳೆದಿರಬೇಕು. ಎಷ್ಟೇ ಕೆಟ್ಟದಾಗಿ ನಡೆದರೂ ಐದು ಬರುವುದರೊಳಗೆ ಮೂರು ತಿಂಗಳು ತುಂಬುತ್ತಿದ್ದವು. ಆಗ ಹೇಳಿದರಾಯಿತು.

ಪಟ್ಟಿ ಮೂರನೆಯ ಮಟ್ಟಕ್ಕೇರಿದ ಮೇಲೊಂದು ದಿನ ಅವಳು ಮೆಲ್ಲಗೆ ವಿಷಯ ತೆಗೆದಳು. "ಅತ್ತಿ, ಬರೂ ವಾರ ಮೂರು ತಿಂಗಳು ತುಂಬತಾವ."

"ಯಾವ ಲೆಕ್ಕದಾಗ?"

"ಡಾಕ್ಟರ ಲೆಕ್ಕ. ಕಡೀಸಲ ಮುಟ್ಟಾದ ದಿನದಿಂದ."

ಗುರುಸಿದ್ದವ್ವ ನಕ್ಕರು. "ಅವತ್ತು ಕೂಸು ಎಲ್ಲಿತ್ತವ್ವಾ? ಇಲ್ಲದ ಕೂಸಿಗೆ ವಯಸ್ಸು ಹೆಂಗ ಎಣಿಸತಾರ ನಿಮ್ಮ ಡಾಕ್ಟರು? ಮುಟ್ಟು ತಪ್ಪಿದ ದಿನದಿಂದ ಎಣಿಸಬೇಕು. ಇನ್ನೂ ಒಂದು ತಿಂಗಳ ಮ್ಯಾಲ ಐತಿ."

ವೈದ್ಯರ ಗಣನೆ ಆರಂಭವಾಗುವ ದಿನ ಭ್ರೂಣವೇ ಇರುವುದಿಲ್ಲವೆಂಬುದು ನಿಜವಾಗಿತ್ತು. ಎಲ್ಲ ಅಂಕಿಗಳನ್ನೂ ಸರಿಯಾಗಿ ಕೂಡಿಸಿದ್ದ ಅವಳು, ಯಾವ ದಿನದಿಂದ ಎಣಿಸಬೇಕೆಂಬುದನ್ನು ಈ ಮನೆಯಲ್ಲಿ ಕೇಳಿಕೊಂಡಿರಲಿಲ್ಲ. ಐದನೆಯ ಮಟ್ಟ ಈಗ ಆ ಒಂದು ತಿಂಗಳ ಒಳಗೇ ಬಿದ್ದಿತ್ತು.

*

ನಿಯಂತ್ರಣ ಕೊಠಡಿಯಲ್ಲಿ ಪಟ್ಟಿ ಧರಿಸಿದವರಿಗೆ ಹೆಸರಿರಲಿಲ್ಲ, ಸಂಖ್ಯೆಯಿತ್ತು. ನೌಕರರು ತಮ್ಮ ದಾಖಲೆಯನ್ನು ತಾವೇ ತಿದ್ದಬಾರದೆಂದು ಅವರವರ ಸಂಖ್ಯೆಯನ್ನು ಅವರಿಗೂ ತಿಳಿಸುತ್ತಿರಲಿಲ್ಲ. ಶಾಲ್ಮಲೆಯ ಪಕ್ಕದ ಕುರ್ಚಿ ರಾಜೇಸಾಬ ನದಾಫನದು. ಎರಡು ಮಕ್ಕಳ ತಂದೆ, ಬಾಯಿಗೆ ಬಿಡುವಿಲ್ಲದವನು.

"ಈ ನಾಲ್ಕುನೂರಾ ಹದಿನೇಳು ನೋಡ್ರಿ ಅಕ್ಕಾರ," ಎಂದ ಅವನು ಆ ಮಂಗಳವಾರ, ಚಹಾದ ಲೋಟವನ್ನು ಪರದೆಯ ಕಡೆ ತೋರಿಸುತ್ತ. "ಎಂಥಾ ಹಠಮಾರಿ! ನಾ ಕರಗಸತೀನಿ, ಆಕಿ ತುಂಬಕೋತಾಳ. ನಾ ಕರಗಸತೀನಿ, ಆಕಿ ತುಂಬಕೋತಾಳ. ಕದ್ದು ಹೋಳಿಗಿ ಹೊಡಿಯಾಕತ್ತಾಳ ಕಾಣತೈತಿ."

"ಇರಲಿ ಬಿಡೋ, ತಿನ್ನಲಿ."

"ತಿನ್ನಲಿ ಅಂದ್ರ ನನ್ನ ತಖ್ತೆ ಕೆಂಪ ಆಗತೈತಲ್ಲ! ನಾಲ್ಕಕ್ಕ ಒಯ್ತೀನಿ ಇಕಿನ್ನ." ಅವನು ಗುಂಡಿ ಒತ್ತಿದ.

ಅದೇ ಕ್ಷಣದಲ್ಲಿ ಶಾಲ್ಮಲೆಯ ನಡುವಿನ ಸುತ್ತ, ಸೀರೆಯ ಒಳಗೆ, ತಣ್ಣನೆಯ ಉಂಗುರವೊಂದು ಬಿಗಿಯಿತು.

ಅವಳು ಲೋಟವನ್ನು ಮೇಜಿನ ಮೇಲಿಟ್ಟಳು. ಕಾಕತಾಳೀಯವಿರಬಹುದು, ಸಾವಿರಾರು ಪಟ್ಟಿಗಳು ಒಂದೇ ಹೊತ್ತಿಗೆ ಮಿಡಿಯುತ್ತಿರುತ್ತವೆ ಎಂದುಕೊಂಡಳು.

"ಹೋತೋ ಇಲ್ಲೋ?" ಎಂದು ಗೊಣಗಿ ನದಾಫ ಮತ್ತೊಮ್ಮೆ ಒತ್ತಿದ. ಮತ್ತೆ ಚಳಿ. ಈ ಸಲ ಬೆನ್ನುಮೂಳೆಯವರೆಗೆ.

"ಯಾಕ್ರೀ ಅಕ್ಕಾರ, ಮಾರಿ ಬೆಳ್ಳಗಾತು?"

"ಏಸಿ ಜಾಸ್ತಿ ಆತು."

ನಾಲ್ಕುನೂರಾ ಹದಿನೇಳರ ರೇಖೆಯನ್ನು ಅವಳು ಮೊದಲ ಸಲ ದಿಟ್ಟಿಸಿ ನೋಡಿದಳು. ಹಠವೇನೂ ಅಲ್ಲ, ಅದು ಆಜ್ಞಾಪಾಲನೆ. ಬಸಿರು ನಿಂತ ಮೊದಲ ವಾರಗಳಿಂದಲೇ ಗರ್ಭದ ಹಾರ್ಮೋನುಗಳು ಕಿಬ್ಬೊಟ್ಟೆಯ ಜೀವಕೋಶಗಳಿಗೆ ತುಂಬಿಕೊಳ್ಳಿ ಎಂದು ಹೇಳುತ್ತವೆ. ಮುಂದೆ ಹಾಲಾಗಬೇಕಾದದ್ದು ಅಲ್ಲಿ ಸೇರುತ್ತದೆ. ಪಟ್ಟಿ ಇನ್ನೂ ಕೆಡಿಸದೆ ಉಳಿದಿದ್ದ ಕೋಶಗಳು ಆ ಮಾತನ್ನು ಕೇಳುತ್ತಿದ್ದವು. ಅಗಳಿಗಳು ಇರುವುದೇ ಆ ಉಗ್ರಾಣವನ್ನು ಅಕಾಲದಲ್ಲಿ ಯಾರೂ ಬರಿದು ಮಾಡದಿರಲೆಂದು. ಪದವಿಯ ಎರಡನೆಯ ವರ್ಷದಲ್ಲಿಯೇ ಓದಿದ ಪಾಠವಿದು. ಚೆನ್ನಾಗಿ ಬರೆದು ಅಂಕ ತೆಗೆದುಕೊಂಡ ಪಾಠ. ಪಟ್ಟಿಗೆ ಮಾತ್ರ ಅದು ತಿಳಿಯುವಂತಿರಲಿಲ್ಲ. ಮಡಿಕೆಯನ್ನು ಅಳೆಯಲು ಅದು ಕಳಿಸುತ್ತಿದ್ದ ಧ್ವನಿತರಂಗಗಳು ಚರ್ಮದಡಿಯ ಕೊಬ್ಬಿನವರೆಗೆ ಹೋಗಿ ಹಿಂದಿರುಗುತ್ತಿದ್ದವು. ಅದಕ್ಕಿಂತ ಆಳದಲ್ಲಿ ಏನಿದೆಯೆಂದು ನೋಡಲು ಅದಕ್ಕೆ ಯಾರೂ ಹೇಳಿರಲಿಲ್ಲ.

ಮಧ್ಯಾಹ್ನ ಅವಳು ಪ್ರಯೋಗದ ಮುಖ್ಯಸ್ಥೆ ಡಾಕ್ಟರ್ ಅನಘಾ ಕಟಗೇರಿಯವರ ಕೋಣೆಗೆ ಹೋದಳು.

"ಮೇಡಂ, ನಾಲ್ಕುನೂರಾ ಹದಿನೇಳು ಅಂತ ಒಂದು ಕೇಸ್ ಐತಿ. ತುಂಬಿಕೊಳ್ಳೋ ರೀತಿ ಬ್ಯಾರೆ ಕಾಣತೈತಿ. ಥೈರಾಯ್ಡ್ ಇರಬಹುದು. ಮಟ್ಟ ಸ್ವಲ್ಪ ತಡೀಲಾ?"

ಅನಘಾ ಕನ್ನಡಕ ಸರಿಪಡಿಸಿಕೊಂಡರು. "ಇರಬಹುದು ಅಂತ ತಡಿಯಾಕ ಬರೂದಿಲ್ಲ ಶಾಲ್ಮಲಾ. ಕಾರಣ ದಾಖಲಾಗಬೇಕು. ಇಲ್ಲದಿದ್ದರ ಕಂಪ್ಯೂಟರೇ ಒಪ್ಪೂದಿಲ್ಲ. ಆಕಿಗೆ ಏನರ ಆಗಿದ್ರ ಆಕಿ ಹೇಳಬೇಕು. ದಿನಾ ಮೊಬೈಲ್‌ಗೆ ಕೇಳತೀವಲ್ಲ, ಏನಾದರೂ ತೊಂದರೆ ಐತೇನು ಅಂತ. ಆಕಿ ದಿನಾ 'ಇಲ್ಲ' ಅಂತ ಒತ್ತಾಕತ್ತಾಳ."

ಒತ್ತುತ್ತಿದ್ದದ್ದು ನಿಜ. ಆ ದಿನ ಬೆಳಿಗ್ಗೆಯೂ ಒತ್ತಿದ್ದಳು.

*

ಮನೆಯಲ್ಲಿ ಗುರುಸಿದ್ದವ್ವ ಅವಳ ತಟ್ಟೆಗೆ ತುಪ್ಪ ಸುರಿಯತೊಡಗಿದ್ದರು. "ಉಣ್ಣು. ಮೈಗೆ ಹತ್ತಬೇಕು. ಗಲ್ಲ ನೋಡು, ಹೆಂಗ ಒಳಗ ಹೋಗ್ಯಾವ."

ಮೈಗೆ ಹತ್ತಿದ್ದನ್ನು ಮರುದಿನ ಬೆಳಿಗ್ಗೆ ನದಾಫ ಕರಗಿಸುತ್ತಿದ್ದ. ಅತ್ತೆಯ ಕೈ ತುಂಬುತ್ತಿತ್ತು, ನದಾಫನ ಬೆರಳು ತೆಗೆಯುತ್ತಿತ್ತು. ಇಬ್ಬರೂ ತಮ್ಮ ಕೆಲಸವನ್ನು ಶ್ರದ್ಧೆಯಿಂದ ಮಾಡುವವರು, ಇಬ್ಬರಿಗೂ ಇನ್ನೊಬ್ಬರ ವಿಷಯ ಗೊತ್ತಿರಲಿಲ್ಲ. ಗೊತ್ತಿದ್ದವಳು ನಡುವೆ ಕುಳಿತು ಉಣ್ಣುತ್ತಿದ್ದಳು.

ಬಿಸಿನೀರಿನ ಚೀಲವನ್ನು ಪಟ್ಟಿಯ ಮೇಲಿಟ್ಟು ನೋಡಿದಳು. ಪಟ್ಟಿ ತಾನು ಕೊಡಬೇಕಾದ ಚಳಿಯನ್ನು ಕೊಟ್ಟೇ ತೀರಬೇಕೆಂದು ಬಲ ಹೆಚ್ಚಿಸಿಕೊಂಡಿತು, ಹಲ್ಲು ಕಟಕಟಿಸಿದವು. ಚರ್ಮಕ್ಕೂ ಪಟ್ಟಿಗೂ ನಡುವೆ ಬಟ್ಟೆ ತುರುಕಿದಳು. "ಸಂಪರ್ಕ ಸರಿಯಿಲ್ಲ, ದಯವಿಟ್ಟು ಸರಿಪಡಿಸಿಕೊಳ್ಳಿ" ಎಂದು ಮೊಬೈಲು ಸವಿನುಡಿಯಲ್ಲಿ ಹೇಳಿ, ಸರಿಪಡಿಸುವವರೆಗೆ ಹೇಳುತ್ತಲೇ ಇತ್ತು.

ಗಂಡ ಸಂಗಮೇಶ ಗೂಡ್ಸ್ ರೈಲಿನ ಗಾರ್ಡು. ವಾರದಲ್ಲಿ ನಾಲ್ಕು ದಿನ ಹಳಿಗಳ ಮೇಲೆಯೇ ಇರುವವನು. ಫೋನಿನಲ್ಲಿ ಅವನ ಮಾತು ಗಾಳಿಯಲ್ಲಿ ಹರಿದು ಬರುತ್ತಿತ್ತು.

"ಏನಂದಿ? ಪಟ್ಟಿ? ಅವ್ವಗ ಹೇಳು... ಬ್ಯಾಡ ಬ್ಯಾಡ, ಅವ್ವಗ ಹೇಳಬ್ಯಾಡ, ಗಾಬರಿ ಆಗತಾಳ. ಒಂದು ತಿಂಗಳ ಅಲ್ಲೇನು, ಹೆಂಗರ ದೂಡು." ಸಂಪರ್ಕ ಕಡಿದುಹೋಯಿತು.

ಅತ್ತೆಗೆ ಹೇಳಬೇಕೆಂದು ಎರಡು ಸಲ ಅಡುಗೆಮನೆಯ ಹೊಸ್ತಿಲವರೆಗೆ ಹೋದಳು. ಮೊದಲ ಸಲ ಗುರುಸಿದ್ದವ್ವ ಒಬ್ಬರೇ ಹಾಡಿಕೊಳ್ಳುತ್ತಿದ್ದರು. ಎರಡು ವರ್ಷಗಳಿಂದ ಆ ಮನೆಯಲ್ಲಿ ಕೇಳಿಸದಿದ್ದ ದನಿ ಅದು. ಎರಡನೆಯ ಸಲ, "ಅತ್ತಿ, ಈ ಪಟ್ಟಿ..." ಎಂದಳು.

"ಸೊಂಟ ನೂಸಾಕತ್ತೈತೇನು? ಬಿಗಿಯಾಗಿ ಕಟ್ಟಿಕೋ. ಬಸರಾಗ ಸೊಂಟಕ್ಕ ಆಧಾರ ಬೇಕಾಗತೈತಿ."

ಬಿಚ್ಚಬೇಕೆಂದರೆ ಕಚೇರಿಗೆ ಹೇಳಬೇಕು; ಕಚೇರಿಗೆ ಹೇಳಿದರೆ ಜಗಲಿಯ ಮೇಲೆ ಇಟ್ಟ ಕೈ ಸುಳ್ಳಾಗಬೇಕು. ಆಮೇಲೆ ಏನಾದರೂ ಆದರೆ, ಔಷಧದಿಂದಲೇ ಆಗಲಿ, ಯಾವ ಕಾರಣವೂ ಇಲ್ಲದೆಯೇ ಆಗಲಿ, ಈ ಅಡುಗೆಮನೆಯಲ್ಲಿ ಅದಕ್ಕೆ ಒಂದೇ ಕಾರಣವಿರುತ್ತದೆ: ಹೇಳಿದೆ. ಹೇಳದೆ ಏನಾದರೂ ಆದರೆ ಕಾರಣ ಅವಳೊಬ್ಬಳಿಗೇ ಗೊತ್ತಿರುತ್ತದೆ. ಎರಡು ದಾರಿಗಳನ್ನೂ ಅವಳು ಪ್ರಯೋಗಶಾಲೆಯ ಕ್ರಮದಲ್ಲಿ ಒಂದರ ಪಕ್ಕ ಒಂದಿಟ್ಟು ತೂಗಿದಳು. ಎರಡೂ ಅವಳ ನಡುವಿನಲ್ಲಿಯೇ ಬಂದು ಕೊಂಡಿ ಹಾಕಿಕೊಳ್ಳುತ್ತಿದ್ದವು.

*

ಪರಾಮರ್ಶೆಯ ದಿನ ನದಾಫ ಹುರುಪಿನಲ್ಲಿದ್ದ.

"ಇವತ್ತ ಹಠಮಾರಿಗೆ ಕಡೀ ಮದ್ದು. ಐದಕ್ಕ ಒಯ್ತೀನಿ. ಈ ಸಲ ಹೆಂಗ ತುಂಬಕೋತಾಳ ನೋಡೋಣ."

"ನದಾಫ, ಒಂದು ದಿನ ತಡಿ."

"ಹೋದ ಸಲಾನೂ ಬಿಡು ಅಂದ್ರಿ. ನಿಮಗೇನು ಬೀಗ್ತಿ ಆಗಬೇಕೇನ್ರಿ ಆಕಿ?" ಅವನ ಬೆರಳು ಗುಂಡಿಯ ಮೇಲಿತ್ತು. ಒತ್ತಿದರೆ ಔಷಧ ರಕ್ತಕ್ಕಿಳಿಯುವುದಕ್ಕೆ ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಸಾಕು.

ಶಾಲ್ಮಲೆ ಅವನ ಮಣಿಕಟ್ಟನ್ನು ಹಿಡಿದಳು. ನದಾಫ ಬೆಚ್ಚಿ ನೋಡಿದ. ಕೊಠಡಿಯಲ್ಲಿ ಅಂಥದ್ದು ಯಾರೂ ಮಾಡುತ್ತಿರಲಿಲ್ಲ.

"ಒತ್ತಬ್ಯಾಡ. ನಾಲ್ಕುನೂರಾ ಹದಿನೇಳು ನಾನು."

"ಅಕ್ಕಾರ, ಅದು ಗೊತ್ತಾಗೂದಿಲ್ಲಲ್ಲ ನಮಗ..."

"ನೀ ಒತ್ತಿದಾಗೆಲ್ಲ ನನಗ ಗೊತ್ತಾಗತೈತಿ. ತಣ್ಣಗ." ಮುಂದಿನ ಮಾತು ಹೊರಬರುವಾಗ ಅವಳಿಗೆ ಜಗಲಿಯ ಮೇಲಿನ ವಿಭೂತಿ ಕಂಡಿತು. "ಹೋಳಿಗಿ ತಿಂದಿಲ್ಲ ನಾ. ಬಸುರಿ ಅದೀನಿ."

ನದಾಫ ಬೆರಳನ್ನು ಕೆಂಡದ ಮೇಲಿಂದ ತೆಗೆದವನಂತೆ ತೆಗೆದ. ಆಮೇಲೆ ಎರಡೂ ಕೈಗಳನ್ನು ಮಡಿಲಿನಲ್ಲಿ ಇಟ್ಟುಕೊಂಡು ತಲೆ ತಗ್ಗಿಸಿದ. "ಯಾ ಅಲ್ಲಾ," ಎಂದ ಮೆಲ್ಲಗೆ. "ನಾ ದಿನಾ ಬೈದೀನಿ ಆ ಕೂಸಿಗೆ."

ಅನಘಾ ಬಂದರು, ಬಾಗಿಲು ಹಾಕಿಸಿದರು, ಬೈಯಲಿಲ್ಲ. ಆಳದ ಪರೀಕ್ಷೆಗೆ ಅನುಮತಿಯ ಸಂಕೇತವನ್ನು ತಾವೇ ಒತ್ತಿದರು. ಪಟ್ಟಿ ಮೊದಲ ಸಲ ಕೊಬ್ಬನ್ನು ದಾಟಿ ಒಳಗೆ ನೋಡಿತು. ಪರದೆಯ ಮೇಲೆ ಶಾಲ್ಮಲೆಯ ನಾಡಿಯ ರೇಖೆಯ ಕೆಳಗೆ ಇನ್ನೊಂದು ರೇಖೆ ಮೂಡಿತು. ಚಿಕ್ಕದು, ಬಹಳ ಚುರುಕಾದದ್ದು, ಎಲ್ಲಿಗೋ ಓಡುತ್ತಿರುವಂಥದ್ದು. ಕೆಲ ಹೊತ್ತು ಮೂವರೂ ಅದನ್ನೇ ನೋಡಿದರು.

"ಚೆನ್ನಾಗೈತಿ," ಎಂದರು ಅನಘಾ. "ಇವತ್ತಿಗೆ ಚೆನ್ನಾಗೈತಿ."

"ಯಾವಾಗ ಬಿಚ್ಚತೀರಿ ಮೇಡಂ?"

ಅನಘಾ ಕನ್ನಡಕ ತೆಗೆದರು. "ಒಮ್ಮೆಲೇ ಇಳಸಬಾರದು, ಆದರ ಬ್ಯಾರೆ ದಾರಿ ಇಲ್ಲ. ಮಟ್ಟ ಈಗಲೇ ಒಂದಕ್ಕ ಇಳಸತೀನಿ, ಔಷಧ ಪೂರ್ತಿ ಬಂದ್. ಆದರ ಪಟ್ಟಿ ಬಿಚ್ಚಾಕ ಆಗೂದಿಲ್ಲ. ಬಸರಿನ್ಯಾಗ ರಕ್ತದ ಕೊಬ್ಬು ಏರತಾ ಹೋಗತೈತಿ. ಅದು ಕೂಡಬೇಕಾದ ಜಾಗಾನ ನಾವು ಕೆಡಿಸೀವಿ. ಉರಿಸದಿದ್ದರ ಯಕೃತ್ತಿಗೆ ಹೋಗತೈತಿ. ಹೆರಿಗಿ ಆಗೋತನಕ ಚಳಿ ಬೇಕ. ಅದರ ಮ್ಯಾಲ... ಇದು ನಮಗೂ ಹೊಸದು, ಶಾಲ್ಮಲಾ."

ನದಾಫ ಮಟ್ಟ ಇಳಿಸುವ ಆಜ್ಞೆ ಕೊಟ್ಟ. ಗಣಕ ಒಪ್ಪಲಿಲ್ಲ. ಎರಡನೆಯ ಹೃದಯವನ್ನು ಕಂಡದ್ದರಿಂದ ಅದು ತನ್ನ ನಿಯಮದಂತೆ ಹೊಸ ದಾಖಲೆಯೊಂದನ್ನು ತೆರೆದಿತ್ತು: ಸಂಖ್ಯೆ ಎರಡು ಸಾವಿರದ ಮೂವತ್ತಾರು. ಧರಿಸಿದವರ ಹೆಸರು, ಗೋಪ್ಯ. ವಯಸ್ಸು, ಸೊನ್ನೆ. ಕೊನೆಯ ಅಂಕಣ ಖಾಲಿಯಾಗಿ ಮಿನುಗುತ್ತಿತ್ತು: ಗುರಿ ತೂಕ, ಕಿಲೋಗಳಲ್ಲಿ. ತುಂಬದೆ ಮುಂದಕ್ಕೆ ಹೋಗುವಂತಿರಲಿಲ್ಲ. ಇದನ್ನು ಸೃಷ್ಟಿಸಿದವರಿಗೆ, ಗುರಿಯಿಲ್ಲದ ದೇಹವೊಂದು ಪಟ್ಟಿಯೊಳಗೆ ಬರಬಹುದೆಂದು ತೋಚಿರಲಿಲ್ಲ.

"ಏನ್ ಹಾಕಲಿ, ಅಕ್ಕಾರ?" ನದಾಫನ ದನಿ ಇಳಿದಿತ್ತು. "ಇದಕ್ಕಿಂತ ಹೆಚ್ಚಾದದ್ದನ್ನೆಲ್ಲ ಇದು ಕೊಬ್ಬು ಅಂತ ತಿಳೀತೈತಿ."

ಹೆಸರೆತ್ತಬಾರದೆಂದು ಅತ್ತೆ ಜಗಲಿಯಲ್ಲಿ ಬಚ್ಚಿಟ್ಟಿದ್ದ ಕೂಸಿಗೆ ಇಲ್ಲಿ ಆಗಲೇ ಸಂಖ್ಯೆ ಬಿದ್ದಿತ್ತು. ಶಾಲ್ಮಲೆ ಮಿನುಗುವ ಅಂಕಣವನ್ನು ನೋಡಿದಳು. ಮೂರು ಅಂಕಿಗಳಿಗೆ ಜಾಗವಿತ್ತು.

"ಒಂಬತ್ತು ಒತ್ತು. ಮೂರು ಸಲ."

"ಒಂಬೈನೂರಾ ತೊಂಬತ್ತೊಂಬತ್ತು ಕಿಲೋ! ಕೂಸೋ, ಆನಿಮರಿಯೋ?" ಎಂದ ನದಾಫ, ನಗಲಾರದೆ. ಅನಘಾರತ್ತ ತಿರುಗಿದ. ಅವರು ಗೋಡೆಯ ಕಡೆ ನೋಡುತ್ತಿದ್ದರು. ಅವನು ಒತ್ತಿದ. ಗಣಕ ಸ್ವೀಕರಿಸಿತು. ಶಾಲ್ಮಲೆಯ ನಡುವಿನ ಉಂಗುರ ಸ್ವಲ್ಪ ಸಡಿಲಿತು, ಬಿಡಲಿಲ್ಲ.

*

ಗುರುಸಿದ್ದವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ಸೊಸೆ ಹೊತ್ತಿಗೆ ಮುಂಚೆ ಬಂದದ್ದನ್ನು ಕಂಡು ಮೊರವನ್ನು ಕೆಳಗಿಟ್ಟರು.

"ಹೇಳಿಬಿಟ್ಟೆ, ಅತ್ತಿ," ಎಂದಳು ಶಾಲ್ಮಲೆ ನಿಂತಲ್ಲಿಂದಲೇ.

ಅವರ ಮುಖದಲ್ಲಿ ಏನೋ ಮುಚ್ಚಿಕೊಂಡಿತು. "ಕೈ ಇಟ್ಟಿದ್ದಿಯಲ್ಲ. ಜಗಲಿ ಮ್ಯಾಲ."

"ಇಟ್ಟಿದ್ದೆ. ಹೇಳದಿದ್ರ ಕೂಸು ಉಳೀತಿದ್ದಿಲ್ಲ."

ಅವಳು ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಹೇಳಿದಳು: ಬಸ್ಸಿನ ಹೆಂಗಸಿನಿಂದ ಆರಂಭಿಸಿ, ಸೊಂಟನೋವೆಂದ ಸುಳ್ಳು, ನದಾಫನ ಬೆರಳು, ಹೆರಿಗೆಯವರೆಗೆ ತೆರೆಯದ ಕೊಂಡಿ. ಮುಗಿದ ಮೇಲೆ ಗುರುಸಿದ್ದವ್ವ ಕೇಳಿದ್ದು ಒಂದೇ ಪ್ರಶ್ನೆ.

"ಆ ಎರಡು ಬೆರಳು ಮಡಿಕಿಗೆ? ಅಷ್ಟಕ್ಕ?"

"ಅಷ್ಟಕ್ಕ."

"ನನಗೂ ಇತ್ತು. ಸಂಗ್ಯಾ ಹುಟ್ಟೂಕಿಂತ ಮೊದಲ ಇತ್ತು, ಇನ್ನೂ ಐತಿ. ಯಾರೂ ಏನೂ ಅಂದಿಲ್ಲ ನನಗ." ಮೊರದಲ್ಲಿದ್ದ ಕಲ್ಲೊಂದನ್ನು ಆರಿಸಿ ಎಸೆದು, "ಅಂದಿದ್ದರ ನಾನೂ ಕಟ್ಟಿಕೋತಿದ್ದೆನೋ ಏನೋ" ಎಂದರು.

ಆಮೇಲೆ ಜೋಳದ ಧೂಳಿನ ಕೈಯನ್ನು ಸೀರೆಗೆ ಒರೆಸಿಕೊಂಡು, ಸೊಸೆಯ ನೆರಿಗೆಯನ್ನು ಸರಿಸಿ, ಪಟ್ಟಿಯ ಮೇಲೆ ಅಂಗೈ ಇಟ್ಟರು. ಪಟ್ಟಿ ಮಿಡಿಯಿತು. ಮೊದಲಿಗಿಂತ ಮೆಲ್ಲಗೆ, ಆದರೆ ತಣ್ಣಗೆ. ಅವರು ಕೈಯನ್ನು ಝಾಡಿಸಿ ಹಿಂದಕ್ಕೆ ಎಳೆದುಕೊಂಡರು.

"ಇನ್ನೊಮ್ಮೆ ಬರತೈತೇನು?"

"ಬರತೈತಿ. ಹಡೆಯೋತನಕ ಬರತಾನ ಇರತೈತಿ."

ಗುರುಸಿದ್ದವ್ವ ಮೊರವನ್ನು ಕಾಲಿನಿಂದ ಅತ್ತ ಸರಿಸಿದರು. ಎರಡೂ ಅಂಗೈಗಳನ್ನು ಒಂದಕ್ಕೊಂದು ತಿಕ್ಕಿ, ಬಿಸಿ ಮಾಡಿಕೊಂಡು, ಈ ಸಲ ಎರಡನ್ನೂ ಪಟ್ಟಿಯ ಮೇಲಿಟ್ಟರು.

"ಹಂಗಾದ್ರ ಸರಕೊಂಡು ಕುಂದರು," ಎಂದರು. "ನಾನೂ ಇಲ್ಲೇ ಕುಂದರತೀನಿ."

ಪಟ್ಟಿ ಮಿಡಿಯಿತು. ಅವರು ಕೈ ತೆಗೆಯಲಿಲ್ಲ.